ಹನುಮಕ್ಕ ಗೋಡೆ ನೋಡಿದಳು, ನಾನು ಪತ್ರ ನೋಡಿದೆ

ಮನೆ ಕೊಳ್ಳುವವರಿಗೆ ಬುದ್ಧಿ ಇರುವುದಿಲ್ಲ ಎಂದರೆ ನನ್ನ ಹೊಟ್ಟೆಪಾಡಿಗೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ಆದರೂ ಹೇಳುತ್ತೇನೆ. ಮಧುಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆರಡು ವರ್ಷದಿಂದ ಟೇಬಲ್ ಹಾಕಿಕೊಂಡು ಪತ್ರ ಬರೆಯುತ್ತಿದ್ದೇನೆ. ಯಾವ ಇಸವಿಯಲ್ಲಿ ಯಾರಿಗೆ ಯಾವ ಮೂಲೆ ಬರೆದುಕೊಟ್ಟೆ ಎಂದು ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ಜನ, ಮೂವತ್ತು ಲಕ್ಷದ ಮನೆಯನ್ನು ಮುಂಬಾಗಿಲ ಕೆತ್ತನೆ ನೋಡಿ ಒಪ್ಪಿಬಿಡುತ್ತಾರೆ. ಬ್ಯಾಂಕಿನವರು ಹರಾಜಿಗಿಟ್ಟ ಮನೆ ಅಂದರಂತೂ ಮುಗಿಯಿತು. ಪೇಪರಿನಲ್ಲಿ ಪ್ರಕಟಣೆ ಬಂದ ದಿನ ಶಿರಾದಿಂದ, ಪಾವಗಡದಿಂದ ಬಸ್ಸು ಹತ್ತಿ ಬಂದು ನನ್ನ ಟೇಬಲ್ ಮುತ್ತುತ್ತಾರೆ. "ಪ್ರಸನ್ನಣ್ಣ, ಅರ್ಧಕ್ಕರ್ಧ ರೇಟಿಗೆ ಐತಂತೆ!" ಯಾಕೆ ಅರ್ಧ ಎಂದು ಒಬ್ಬನೂ ಕೇಳುವುದಿಲ್ಲ.

ಕೇಳುತ್ತಿದ್ದವಳು ಒಬ್ಬಳೇ. ಚಿಕ್ಕಹನುಮಕ್ಕ.

ಪುರವರದ ಪಕ್ಕದ ಹಳ್ಳಿಯವಳು. ಹದಿನೆಂಟಕ್ಕೆ ಗಾರೆ ಕೆಲಸಕ್ಕೆ ಬಂದು ನಲವತ್ತು ವರ್ಷ ಬಾಂಡ್ಲಿ ಹೊತ್ತಳು. ಮಧುಗಿರಿ, ಕೊರಟಗೆರೆ, ಶಿರಾ, ಎಲ್ಲಿ ಪಾಯ ತೋಡಿದರೆ ಅಲ್ಲಿ ಹನುಮಕ್ಕ. ಸಿಂಬಿ ಇಟ್ಟೂ ಇಟ್ಟೂ ನೆತ್ತಿಯ ಮೇಲೆ ರೂಪಾಯಿಯಗಲ ಕೂದಲು ಹೋಗಿದೆ. ಮಗಳು ಅಂಬೆಗಾಲಿಕ್ಕುವಾಗಲೇ ಗಂಡ ತೀರಿಕೊಂಡ. ಆ ವಿಷಯ ಕೇಳಿದರೆ "ಹೋದ ಬುಡಿ, ಹೋಗೋನು ಹೇಳಿ ಹೋಯ್ತಾನಾ" ಎನ್ನುತ್ತಾಳೆ, ಅಷ್ಟೇ.

ಅವಳು ನನ್ನ ಕೈಗೆ ಸಿಕ್ಕಿದ್ದು ಹೀಗೆ. ಏಳೆಂಟು ವರ್ಷದ ಹಿಂದೆ ಕೊರಟಗೆರೆಯಲ್ಲಿ ಹರಾಜಿನ ಮನೆ ನೋಡಲು ಒಬ್ಬ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಮನೆ ಮದುಮಗಳ ಹಾಗೆ ಬಣ್ಣ ಬಳಿದುಕೊಂಡು ನಿಂತಿತ್ತು. ಪಕ್ಕದ ಸೈಟಿನಲ್ಲಿ ಇಟ್ಟಿಗೆ ಇಳಿಸುತ್ತಿದ್ದ ಹನುಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು, "ಸ್ವಾಮಿ, ಬ್ಯಾಡ" ಎಂದಳು.

"ಯಾಕೆ?"

"ಬಿಕರಿ ಮನೆಗೆ ಹೊಸ ಬಣ್ಣ ಬಳ್ದವ್ರೆ ಅಂದ್ರೆ ಏನೋ ಮುಚ್ಚವ್ರೆ ಅಂತ. ಈ ಮನೆ ಕಟ್ಟೋವಾಗ ನೀರಿರ್ಲಿಲ್ಲ. ಕ್ಯೂರಿಂಗ್ ಮಾಡ್ದೆ ಮೇಲಿಂದ ಮೇಲೆ ಏರ್ಸಿದ್ರು. ನಾನೇ ಹೊತ್ತಿದ್ದು, ನಂಗೊತ್ತಿಲ್ವಾ?"

ಮೇಷ್ಟ್ರು ಬಿಟ್ಟರು, ಇನ್ನೊಬ್ಬ ತಗೊಂಡ. ಎರಡನೇ ಮಳೆಗಾಲಕ್ಕೆ ಅಡುಗೆಮನೆ ಗೋಡೆ ಹೊಟ್ಟೆ ಬಿಟ್ಟುಕೊಂಡಿತು. ಅಂದಿನಿಂದ ನನ್ನ ಹತ್ತಿರ ಬಂದವರಿಗೆಲ್ಲ, "ಮೊದಲು ಹನುಮಕ್ಕನ ಕೈಲಿ ನೋಡಿಸಿ" ಎನ್ನತೊಡಗಿದೆ. ಒಂದು ಮನೆಗೆ ಐನೂರು ರೂಪಾಯಿ, ಬಸ್ ಚಾರ್ಜು, ಊಟ.

ಅವಳು ಮನೆ ನೋಡುವ ರೀತಿಯೇ ಬೇರೆ. ಮುಂಬಾಗಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ಬಚ್ಚಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಗೋಡೆಯ ಬುಡಕ್ಕೆ ಅಂಗೈ ಒತ್ತಿ ಹಿಡಿದು ಸುಮ್ಮನಿರುತ್ತಿದ್ದಳು. ಆಮೇಲೆ ಅಂಗೈ ಮೂಸುತ್ತಿದ್ದಳು. ಬರಿಗಾಲಲ್ಲಿ ನಡೆದು ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದಳು. ಪಾವಗಡದ ಕಡೆಯಾದರೆ ಬೋರಿನ ನೀರು ಕಾಯಿಸಿ, ಪಾತ್ರೆಯ ತಳದಲ್ಲಿ ಉಪ್ಪು ಕಟ್ಟಿದೆಯೋ ತೋರಿಸು ಎನ್ನುವಳು. ಎಲ್ಲ ಮುಗಿದ ಮೇಲೆ ಒಂದೇ ಮಾತು: "ತಗಳ್ಳಿ" ಅಥವಾ "ಬ್ಯಾಡ ಬುಡಿ". ಆದರೆ ಅದಕ್ಕೆ ಮೊದಲು, ಪ್ರತಿ ಸಲ, ನನ್ನ ಕಡೆ ತಿರುಗಿ ಕೇಳುತ್ತಿದ್ದಳು:

"ಯಾಕೆ ಸ್ವಾಮಿ ಸೋವಿ?"

ಕೊಳ್ಳುವವರಿಗೆ ಈ ಪ್ರಶ್ನೆ ರುಚಿಸುತ್ತಿರಲಿಲ್ಲ. ಅವಳು ಬಿಡುತ್ತಿರಲಿಲ್ಲ. "ಗ್ವಾಡೆ ಕೆಟ್ಟು ಸೋವಿಯಾಗಿದ್ರೆ ಸರಿ ಮಾಡ್ಕಬೋದು ಕಣಮ್ಮ. ನೀರಿಲ್ದೆ ಸೋವಿಯಾಗಿದ್ರೆ ಟ್ಯಾಂಕರ್ ತರಿಸ್ಕಬೋದು. ಮನುಷ್ಯರಿಂದ ಸೋವಿಯಾಗಿದ್ರೆ ಮುಟ್ಬ್ಯಾಡಿ. ಅದು ಮನೆ ಜೊತೇಲೇ ಬತ್ತದೆ." ಶಿರಾದ ಒಬ್ಬ ಸಾಬರಿಗೆ ಇದೇ ಮಾತು ಹೇಳಿ ಒಳ್ಳೆ ಮನೆಯೊಂದನ್ನು ಬಿಡಿಸಿದಳು. ನಾನು ಬೈದೆ. ಆರು ತಿಂಗಳಿಗೆ ಗೊತ್ತಾಯಿತು, ಆ ಮನೆಯ ಮೇಲೆ ಅಕ್ಕತಂಗಿಯರ ಮೂರು ಕೇಸು ಇದ್ದವಂತೆ. ಸಾಬರು ಬಂದು ಅವಳಿಗೊಂದು ಸೀರೆ ಕೊಟ್ಟು ಹೋದರು.

ಇಂಥವಳ ಮಗಳು ಶ್ರೀಲತಾ. ಓದಿ, ಪರೀಕ್ಷೆ ಬರೆದು, ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು. ನಾನು ತಾಯಿಯನ್ನು ಯಾವತ್ತೂ 'ನೀನು' ಎಂದವನು, ಮಗಳನ್ನು 'ಬನ್ನಿ ಮೇಡಂ' ಎನ್ನುತ್ತಿದ್ದೆ. ಹನುಮಕ್ಕ ಅದನ್ನು ಕೇಳಿ ಸಂತೋಷಪಡುತ್ತಿದ್ದಳೇ ಹೊರತು ತನಗೂ ಹಾಗೆ ಅನ್ನಲಿ ಎಂದು ಬಯಸಿದ ಹಾಗೆ ಕಾಣಲಿಲ್ಲ. ಅಥವಾ ಬಯಸಿದ್ದಳೋ ಏನೋ, ನಾನು ನೋಡಲಿಲ್ಲ.

ಶ್ರೀಲತಾಗೆ ಮಧುಗಿರಿಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಮನೆ ನೋಡಿದಳು. ಮೊದಲು ಎಲ್ಲ ಸರಿ ಇರುತ್ತಿತ್ತು. "ಟೀಚರಾ? ಬಹಳ ಸಂತೋಷ. ಒಬ್ಬರೇ ತಾಯಿನಾ? ಇನ್ನೂ ಒಳ್ಳೇದು." ಆಮೇಲೆ, ಕಾಫಿ ಲೋಟ ಕೆಳಗಿಡುವ ಹೊತ್ತಿಗೆ, "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?" ಅವಳು ಸುಳ್ಳು ಹೇಳುವವಳಲ್ಲ. ಮಾರನೇ ದಿನ ಫೋನ್ ಬರುತ್ತಿತ್ತು: ನಮ್ಮ ತಮ್ಮನ ಮಗ ಬರ್ತಾನಂತೆ, ನೆಂಟರು ಬರ್ತಾರಂತೆ, ಮನೆ ರಿಪೇರಿ ಇದೆಯಂತೆ. ಹನ್ನೊಂದು ಮನೆಯವರಿಗೂ ಒಂದೇ ಸಲ ನೆಂಟರು ಬಂದರು. ನಾಚಿಕೆಗೆಟ್ಟ ಊರು. ಆ ಹನ್ನೊಂದರಲ್ಲಿ ಎರಡು ನಮ್ಮವರದೇ, ನಾನೇ ತೋರಿಸಿದ್ದು.

ಕೊನೆಗೆ ಒಂದು ದಿನ ಅವಳೇ ಪೇಪರ್ ಹಿಡಿದುಕೊಂಡು ನನ್ನ ಟೇಬಲ್‌ಗೆ ಬಂದಳು. "ಸರ್, ಬ್ಯಾಂಕಿನವರು ಯಾವ ಜನ ಅಂತ ಕೇಳಲ್ಲ ಅಲ್ವಾ? ದುಡ್ಡು ಕಟ್ಟಿದರೆ ಕೀ ಕೊಡ್ತಾರೆ ತಾನೇ?"

ಪ್ರಕಟಣೆಯಲ್ಲಿದ್ದ ಮನೆ ಪ್ರಭುದೇವ್‌ದು. ಹಳೇ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ, ನನಗೆ ದೂರದ ನೆಂಟ. ಅಂಗಡಿ ಮುಳುಗಿತು, ಅವನೂ ಎದೆನೋವಿನಿಂದ ಹೋದ. ಹೆಂಡತಿ ಸರೋಜಮ್ಮ ಒಬ್ಬಳೇ ಇದ್ದಳು, ತುಮಕೂರಿನ ಮಗಳ ಮನೆಗೆ ಹೊರಟು ನಿಂತಿದ್ದಳು. ನಲವತ್ತೈದು ಲಕ್ಷದ ಮನೆ ಎರಡು ಸಲ ಹರಾಜಿಗೆ ಬಂದು, ಯಾರೂ ಕೂಗದೆ, ಮೂರನೇ ಸಲಕ್ಕೆ ಇಪ್ಪತ್ತಾರಕ್ಕೆ ಇಳಿದಿತ್ತು.

ಮನೆ ನೋಡಲು ಮೂವರೂ ಹೋದೆವು. ಅಲ್ಲಿಯ ರಚನೆ ಹೇಳಿಬಿಡುತ್ತೇನೆ. ಬೀದಿಗೆ ಮುಖ ಮಾಡಿ ಪ್ರಭುದೇವ್‌ನ ತಮ್ಮ ಗೌರೀಶನ ಮನೆ. ಅದರ ಪಕ್ಕದಲ್ಲೇ ನಾಲ್ಕಡಿಯ ಓಣಿಯಲ್ಲಿ ಒಳಗೆ ಹೋದರೆ ಹಿಂದೆ ಪ್ರಭುದೇವ್‌ನ ಮನೆ. ಅದರ ಬೆನ್ನಿಗೆ ಪುರಸಭೆಯ ಸಂದಿ. ಹಿಂದಿನ ಕಾಲದಲ್ಲಿ ಮಲ ಹೊರುವವರು ಬಂದು ಹೋಗುತ್ತಿದ್ದ ಸಂದಿ. ಈಗ ಚರಂಡಿ, ಹಂದಿ, ಮುರಿದ ಕಮೋಡುಗಳು.

ಓಣಿಯ ಬಾಯಲ್ಲಿ ಹನುಮಕ್ಕ ನಿಂತಳು. "ಈ ಮನೆಗೆ ಪಾಯದಿಂದ ಮೋಲ್ಡಿನ ತಂಕ ನಾನೇ ಹೊತ್ತಿದ್ದು ಸ್ವಾಮಿ. ಆದ್ರೆ ಈ ಕಡೆಯಿಂದ ಒಂದು ದಿನಾನೂ ಬಂದಿಲ್ಲ. ನಮ್ಮನ್ನೆಲ್ಲ ಹಿಂದಿನ ಸಂದಿಲೇ ಬುಡ್ತಿದ್ದು." ಹೇಳುತ್ತಾ ಚಪ್ಪಲಿ ಬಿಡಲು ಬಗ್ಗಿದಳು. ಮಗಳು ತೋಳು ಹಿಡಿದು, "ಹಾಕ್ಕೊಂಡೇ ಬಾರಮ್ಮ" ಎಂದಳು. ಹನುಮಕ್ಕ ಎಡಕ್ಕೂ ಬಲಕ್ಕೂ ನೋಡುತ್ತಾ, ನಿಧಾನವಾಗಿ, ಚಪ್ಪಲಿ ಮೆಟ್ಟಿಕೊಂಡೇ ಆ ನಾಲ್ಕಡಿ ಓಣಿಯಲ್ಲಿ ನಡೆದಳು. ಅವಳ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿದ್ದು ಅದೊಂದೇ ದಿನ.

ಸರೋಜಮ್ಮ ನನಗೂ ಟೀಚರಿಗೂ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು, ಹನುಮಕ್ಕನಿಗೆ ಪೇಪರ್ ಕಪ್ಪಿನಲ್ಲಿ. ಶ್ರೀಲತಾ ತನ್ನ ಲೋಟ ಕುಡಿಯದೆ ಕೆಳಗಿಟ್ಟಳು. ಹನುಮಕ್ಕ ಗಟಗಟ ಕುಡಿದು, ಕಪ್ಪನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲಿಗೆ ನಡೆದಳು. ಕೂತಳು, ಅಂಗೈ ಒತ್ತಿದಳು, ಮೂಸಿದಳು, ಹಿಮ್ಮಡಿಯಿಂದ ಪ್ರತಿ ಕೋಣೆ ಕುಟ್ಟಿದಳು. ಒಂದು ಬಿರುಕಿಲ್ಲ, ಒಂದು ಹನಿ ತೇವವಿಲ್ಲ.

"ಜಯಮಂಗಲಿ ಹೊಳೆ ಮರಳು ಹಾಕಿ ಕಟ್ಟಿದ್ದು. ಕಬ್ಬಿಣದಂಗೈತೆ" ಎಂದಳು. ಆಮೇಲೆ ಎಂದಿನ ಹಾಗೆ ನನ್ನ ಕಡೆ ತಿರುಗಿದಳು. "ಮತ್ಯಾಕೆ ಸ್ವಾಮಿ ಸೋವಿ? ಎರಡು ಸಲ ಯಾಕೆ ಯಾರೂ ಕೂಗ್ಲಿಲ್ಲ?"

ನಾನು ನಕ್ಕುಬಿಟ್ಟೆ. "ಏ ಹನುಮಕ್ಕ, ಸಾಲದಲ್ಲಿ ಹೋದ ಮನೆ, ಯಜಮಾನ ಸತ್ತ ಮನೆ. ಜನ ಶಕುನಕ್ಕೆ ಹೆದರ್ತಾರೆ. ಅವರ ಹೆದರಿಕೆ, ನಿನ್ನ ಮಗಳ ಲಾಭ."

"ಪತ್ರ ನೋಡುದ್ರಾ?"

"ನೋಡೋದೇನು? ನಾನೇ ಬರೆದದ್ದು."

ಅವಳಿಗೆ ಆ ಮಾತು ಸಾಕಾಯಿತು. ತಾನೇ ಹೊತ್ತ ಪಾಯವನ್ನು ಅವಳು ನಂಬುತ್ತಿದ್ದಳಲ್ಲ, ಹಾಗೆಯೇ ನಾನೇ ಬರೆದ ಪತ್ರವನ್ನೂ ನಂಬಿದಳು. "ತಗಳ್ಳವ್ವ" ಎಂದಳು ಮಗಳಿಗೆ.

ಆ ಪಾಲುಪತ್ರ ನಾನು ಬರೆದು ಇಪ್ಪತ್ತು ವರ್ಷ. ಅಣ್ಣತಮ್ಮಂದಿರ ಅಪ್ಪ ಅಡವಯ್ಯನವರು ಎದುರಿಗೆ ಕೂತು ಬರೆಸಿದ್ದರು. ಮುಂದಿನ ಮನೆ ಓಣಿಯ ಸಮೇತ ಗೌರೀಶನಿಗೆ, ಹಿಂದಿನದು ಪ್ರಭುದೇವ್‌ಗೆ. "ಅಯ್ಯನವರೇ, ಹಿಂದಿನವರು ಓಡಾಡೋಕೆ ದಾರಿ ಹಕ್ಕು ಅಂತ ಒಂದು ಸಾಲು ಸೇರಿಸ್ಲಾ?" ಎಂದು ಕೇಳಿದ್ದೆ. ಮುದುಕರು ಉರಿದುಬಿದ್ದರು. "ಅಣ್ಣ ತಮ್ಮನ ಮನೆ ಮುಂದೆ ನಡೆಯೋಕೆ ಕಾಗದ ಬೇಕೇನಯ್ಯಾ? ಅವರೇನು ಪರದೇಶಿಗಳಾ? ಇವತ್ತು ದಾರಿ ಬರೆಸಿದರೆ ನಾಳೆ ಒಲೆ ಬೇರೆ, ನಾಡಿದ್ದು ಸೂತಕ ಬೇರೆ. ಆ ಕೆಟ್ಟ ಸಾಲು ನನ್ನ ಮನೆ ಪತ್ರದಲ್ಲಿ ಬೇಡ." ನಮ್ಮ ಕಡೆ ಎಲ್ಲರೂ ಹೀಗೆಯೇ. ಒಡಹುಟ್ಟಿದವರ ನಡುವೆ ದಾರಿ ಬರೆಸುವುದೆಂದರೆ ಜಗಳ ಕರೆದು ಮಣೆ ಹಾಕಿದ ಹಾಗೆ. ನಾನೂ ಬರೆಯಲಿಲ್ಲ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಗೌರೀಶನ ಸ್ವತ್ತು, ಪಶ್ಚಿಮಕ್ಕೆ ಪುರಸಭೆ ಸಂದಿ ಎಂದು ಬರೆದು ಮುಗಿಸಿದೆ. ಇಪ್ಪತ್ತು ವರ್ಷ ನಾನೂ ಆ ಓಣಿಯಲ್ಲಿ ನಡೆದು ಹಬ್ಬದೂಟಕ್ಕೆ ಹೋಗಿದ್ದೇನೆ. ಸಾಲ ಕೊಟ್ಟ ಬ್ಯಾಂಕಿನ ವಕೀಲರೂ ಅದರಲ್ಲೇ ನಡೆದು ಬಂದು ಮನೆ ನೋಡಿದ್ದರು. ಕಾಲ ಕೆಳಗೇ ಇದ್ದ ದಾರಿ ಕಾಗದದಲ್ಲಿದೆಯೋ ಇಲ್ಲವೋ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದು ಆ ಬೀದಿಯವರಿಗೆ ಮಾತ್ರ. ಅದಕ್ಕೇ ಎರಡು ಸಲ ಯಾರೂ ಕೂಗಿರಲಿಲ್ಲ. ಇನ್ನೂ ಇಳಿಯಲಿ, ಕೊನೆಗೆ ಗೌರೀಶನೇ ತಗೊಳ್ಳುತ್ತಾನೆ ಎಂದು ಬೀದಿಯೆಲ್ಲ ಸುಮ್ಮನಿತ್ತು.

ಶ್ರೀಲತಾ ಕೂಗಿದಳು, ಸಿಕ್ಕಿತು. ಸರೋಜಮ್ಮ ಕೀ ಕೊಟ್ಟು, ಹೊಸಿಲಿಗೆ ಕೈ ಮುಗಿದು ತುಮಕೂರಿನ ಬಸ್ಸು ಹತ್ತಿದಳು. ಹಾಲು ಉಕ್ಕಿಸಲು ಶುಕ್ರವಾರ ಗೊತ್ತಾಯಿತು. ಬುಧವಾರ ಬೆಳಿಗ್ಗೆ ಹನುಮಕ್ಕ ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಸ್ವಾಮಿ, ದಾರಿ ಮುಚ್ತಾವ್ರೆ!"

ಹೋಗಿ ನೋಡಿದರೆ ಓಣಿಯ ಬಾಯಿಗೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದೆಮಟ್ಟ ಎದ್ದಿತ್ತು. ಗೌರೀಶ ಜಗುಲಿಯ ಮೇಲೆ ಪೇಪರ್ ಓದುತ್ತಿದ್ದ. ಶ್ರೀಲತಾ ಬೀದಿಯಲ್ಲಿ ನಿಂತು, "ಇದೇನ್ ಸರ್, ನಾನು ಒಳಗೆ ಹೋಗೋದು ಹೇಗೆ?" ಎಂದು ಕೇಳಿದಳು.

"ಅಣ್ಣ ಇದ್ದ, ದಾರಿ ಇತ್ತು. ಅಣ್ಣ ಇಲ್ಲ, ದಾರಿ ಇಲ್ಲ. ನಿಮ್ಮ ಪತ್ರದಲ್ಲಿ ಇದ್ರೆ ತೋರ್ಸಿ, ಈಗ್ಲೇ ಒಡಿಸ್ತೀನಿ" ಎಂದ ಗೌರೀಶ. ಧ್ವನಿ ಎತ್ತಲಿಲ್ಲ. "ಹಿಂದೆ ಪುರಸಭೆ ಸಂದಿ ಐತಲ್ಲ ಮೇಡಂ. ಅದು ನಿಮಗೆ ಗೊತ್ತಿರೋ ದಾರಿನೇ ಅಲ್ವಾ?"

ಬೀದಿಯವರು ಕೇಳಿಸಿಕೊಂಡರು. ಕೇಳಿಸಿಕೊಂಡು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ನಾನು ಪಂಚೆಯ ಅಂಚು ಸರಿಮಾಡಿಕೊಂಡೆ. ನನ್ನ ಕಡೆ ಬಗ್ಗಿ ಅವನು ಮೆಲ್ಲಗೆ, "ಬೇರೆ ಯಾರಾದ್ರೂ ತಗೊಂಡಿದ್ರೆ ಕೂತು ಮಾತಾಡ್ಬೋದಿತ್ತು ಮಾವ" ಎಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅನ್ನಿಸಿತು ಅಷ್ಟೇ.

ಗಾರೆಯವರು ಹನುಮಕ್ಕನ ಕೈಕೆಳಗೆ ಕೆಲಸ ಕಲಿತವರೇ. ಅವಳನ್ನು ನೋಡಿ ಕರಣೆ ಹಿಡಿದುಕೊಂಡು ತಲೆ ತಗ್ಗಿಸಿದರು. ಅವಳು ಅವರನ್ನು ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ, ಅಭ್ಯಾಸಬಲವೋ ಏನೋ, ಬುಡದಲ್ಲಿ ಕೂತು ಅಂಗೈ ಒತ್ತಿದಳು. ಹಸಿ ಸಿಮೆಂಟ್ ಕೈಗೆ ಮೆತ್ತಿಕೊಂಡಿತು.

"ಚೆನ್ನಾಗಿ ಕಟ್ಟವ್ರೆ ಕಣವ್ವ" ಎಂದಳು ಮಗಳಿಗೆ. "ಇದು ಬೀಳಾಕಿಲ್ಲ."

ಶುಕ್ರವಾರ ಹಾಲಿನ ಪಾತ್ರೆ ಸಂದಿಯಿಂದಲೇ ಒಳಗೆ ಹೋಯಿತು.

ಶ್ರೀಲತಾ ಕೋರ್ಟಿಗೆ ಹೋದಳು. ಅವಳ ವಕೀಲರು ಬಿಡಿಸಿ ಹೇಳಿದರು: ಬೇರೆ ದಾರಿಯೇ ಇಲ್ಲದಿದ್ದರೆ ಕೋರ್ಟು ದಾರಿ ಬಿಡಿಸುತ್ತದೆ, ಆದರೆ ಇಲ್ಲಿ ಹಿಂದೆ ಸಂದಿ ಇದೆ. ಪಾಲು ಮಾಡುವಾಗಲೇ ಈ ಓಣಿ ಹಿಂದಿನ ಮನೆಗೆ ದಾರಿಯಾಗಿತ್ತು ಎಂದು ಸಾಕ್ಷಿ ಬೇಕು. ಅಡವಯ್ಯ ಇಲ್ಲ, ಪ್ರಭುದೇವ್ ಇಲ್ಲ. ಸರೋಜಮ್ಮ ಮೈದುನನ ವಿರುದ್ಧ ಬರುವುದಿಲ್ಲ ಎಂದುಬಿಟ್ಟಳು. ಉಳಿದವನು ಪತ್ರ ಬರೆದ ಪ್ರಸನ್ನಕುಮಾರ್.

"ಸರ್, ಬರ್ತೀರಲ್ವಾ?" ಎಂದು ಕೇಳಿದಳು ಶ್ರೀಲತಾ. "ಬರ್ದೇ ಇರ್ತೀನಾ" ಎಂದೆ.

ಅದಾದ ಮೂರನೇ ದಿನ ಗೌರೀಶ ನನ್ನ ಮನೆಗೆ ಬಂದ. ಹೆದರಿಸಲಿಲ್ಲ, ಬೈಯಲಿಲ್ಲ. ಕಾಫಿ ಕುಡಿದ. "ನಿಮ್ಮ ಟೇಬಲ್‌ಗೆ ಬರೋರೆಲ್ಲ ನಮ್ಮೋರೇ ಅಲ್ವಾ ಮಾವ. ನಾಳೆ ಅವರೆಲ್ಲ ಏನಂದ್ಕೋತಾರೆ, ಅದನ್ನೂ ಸ್ವಲ್ಪ ನೋಡ್ಕಳಿ" ಎಂದು ಲೋಟ ಕೆಳಗಿಟ್ಟು ಹೋದ.

ಸಾಕ್ಷಿಗೆ ಮೊದಲು ಹನುಮಕ್ಕನನ್ನು ಕರೆದರು. ಗೌರೀಶನ ವಕೀಲ ಕೇಳಿದ: "ಮನೆ ಕಟ್ಟುವಾಗ ನೀನು ಎಷ್ಟು ದಿನ ಕೆಲಸ ಮಾಡಿದೆ?"

"ಏಳು ತಿಂಗ್ಳು ಸ್ವಾಮಿ."

"ಏಳು ತಿಂಗಳಲ್ಲಿ ಮುಂದಿನ ಓಣಿಯಲ್ಲಿ ಎಷ್ಟು ಸಲ ಬಂದೆ?"

ದಿನಾ ಬರ್ತಿದ್ದೆ ಅನ್ನು ಎಂದು ನಾನು ಕೂತಲ್ಲೇ ಹಲ್ಲು ಕಚ್ಚಿದೆ. ಒಂದು ಸುಳ್ಳು, ಅಷ್ಟೇ. ಹನುಮಕ್ಕ ಮಗಳ ಮುಖ ನೋಡಿದಳು.

"ಒಂದು ಸಲಾನೂ ಇಲ್ಲ ಸ್ವಾಮಿ. ನಮ್ಮನ್ನ ಸಂದಿಲೇ ಬುಡ್ತಿದ್ದು."

ವಕೀಲ ಕೂತ. ಅವನಿಗೆ ಬೇಕಾಗಿದ್ದು ಅಷ್ಟೇ. ಆಮೇಲೆ ನನ್ನನ್ನು ಕರೆದರು. ಶ್ರೀಲತಾಳ ವಕೀಲರು ಪತ್ರ ತೋರಿಸಿದರು. ನನ್ನ ಬರಹ ಎಂದು ಒಪ್ಪಿಕೊಂಡೆ.

"ಪತ್ರದಲ್ಲಿ ದಾರಿಯ ಬಗ್ಗೆ ಬರೆದಿಲ್ಲ, ಸರಿ. ಆದರೆ ಅಂದು ಓಣಿಯ ಮಾತು ಬಂದಿತ್ತಲ್ಲವೇ? ಹಿಂದಿನ ಮನೆಯವರು ಅದರಲ್ಲೇ ಓಡಾಡುತ್ತಿದ್ದರಲ್ಲವೇ?"

ಅಡವಯ್ಯನವರ ಕೆಂಪಾದ ಮುಖ, ಅವತ್ತು ಅವರು ಹೊದ್ದಿದ್ದ ಶಲ್ಯದ ಅಂಚು, ನಾನು ಬರೆಯದೆ ಬಿಟ್ಟ ಆ ಒಂದು ಸಾಲು, ಎಲ್ಲ ಕಣ್ಣ ಮುಂದೆ ನಿಂತಿತ್ತು. ಗೌರೀಶ ಮೂರನೇ ಬೆಂಚಿನಲ್ಲಿ ಕೂತಿದ್ದ. ಅವನ ಹಿಂದೆ ನಮ್ಮವರು ಆರೇಳು ಜನ.

"ನೆನಪಿಲ್ಲ" ಎಂದೆ.

ಕೇಸು ಬಿದ್ದುಹೋಯಿತು. ಅಪೀಲು ಹಾಕಿದ್ದಾರೆ. ಅದು ಯಾವ ಕಾಲಕ್ಕೆ ಮುಗಿಯುತ್ತದೆ ಎಂದು ನನ್ನನ್ನು ಕೇಳಬೇಡಿ. ಶ್ರೀಲತಾ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಚರಂಡಿ ದಾಟಿ, ಸಂದಿಯಿಂದ ಹೊರಬಂದು ಕಾಲು ತೊಳೆದುಕೊಂಡು ಸ್ಕೂಲಿಗೆ ಹೋಗುತ್ತಾಳೆ. ಅವಳ ಮುಂಬಾಗಿಲು ಗೋಡೆಗೆ ಮುಖ ಮಾಡಿ ನಿಂತಿದೆ. ಮಾರೋಣವೆಂದರೆ ಕೇಳುವವನು ಗೌರೀಶ ಒಬ್ಬನೇ, ಅವನು ಹೇಳುತ್ತಿರುವುದು ಹದಿನೈದು ಲಕ್ಷ.

ಕೋರ್ಟಿನ ದಿನದಿಂದ ಹನುಮಕ್ಕ ನನ್ನ ಟೇಬಲ್ ಕಡೆ ಬಂದಿರಲಿಲ್ಲ. ಕಳೆದ ವಾರ ಪಾವಗಡದಿಂದ ಗಂಡ ಹೆಂಡತಿ ಬಂದು, ಶಿರಾದಲ್ಲಿ ಹರಾಜಿನ ಮನೆ ಇದೆ, ಹನುಮಕ್ಕನವರ ಕೈಲೇ ನೋಡಿಸಬೇಕು ಎಂದು ಹಟ ಹಿಡಿದರು. ಬೇರೆ ದಾರಿ ಇಲ್ಲದೆ ಹೋದೆ. ಅರವತ್ತೊಂದು ವರ್ಷದ ನಾನು, ಮಧುಗಿರಿಯಲ್ಲಿ ಹುಟ್ಟಿ ಬೆಳೆದವನು, ಆ ಸಂದಿಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಪಂಚೆ ಮೊಣಕಾಲಿನವರೆಗೆ ಎತ್ತಿಕೊಂಡೆ. ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡೆ.

ಹನುಮಕ್ಕ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಬನ್ನಿ ಸ್ವಾಮಿ" ಎಂದು ಎದ್ದು, ಬೆಳಗಿದ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಕುಡಿದೆ. ಬಂದ ವಿಷಯ ಹೇಳಿದೆ. ಮೊದಲ ಸಲ ಅವಳನ್ನು 'ನೀವು' ಎಂದೆ. ಅವಳು ಗಮನಿಸಿದ ಹಾಗೆ ಕಾಣಲಿಲ್ಲ.

"ಬತ್ತೀನಿ ಬುಡಿ. ಸ್ವಾಮ್ವಾರ ಹೋಗಾನ" ಎಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣೇ ಒದ್ದೆಯಾಯಿತು. ಲೋಟ ಕೆಳಗಿಟ್ಟು, ಪಂಚೆ ಎತ್ತಿಕೊಂಡು ಸಂದಿಗೆ ಇಳಿದೆ.

"ಸ್ವಾಮಿ" ಎಂದು ಹಿಂದಿನಿಂದ ಕರೆದಳು.

ತಿರುಗಿದೆ. ಅವಳು ಮತ್ತೆ ಅವರೆಕಾಯಿ ಮುಂದೆ ಕೂತಿದ್ದಳು, ತಲೆ ಎತ್ತಲಿಲ್ಲ.

"ಗ್ವಾಡೆ ನಾನು ನೋಡ್ತೀನಿ. ಪತ್ರ ಮಾತ್ರ ಬ್ಯಾರೇರ ತಾವ ಓದ್ಸಾಕೆ ಹೇಳಿ ಅವ್ರಿಗೆ."